ನಾಲ್ಕನೇ ಮೈಕು

ದುರ್ಗಿಗುಡಿಯಲ್ಲಿ ಕನ್ನಡಕದಂಗಡಿ ಮೇಲೆ ನಮ್ಮ ಸ್ಟುಡಿಯೋ,
ಗೋಡೆ ತುಂಬ ನೀಲಿ ಬಳಿದ ಮೊಟ್ಟೆ ಟ್ರೇ.
ರಾತ್ರಿ ಎಂಟಕ್ಕೆ ಚರ್ಚೆ:
ಮುಳುಗಡೆ ಜನಕ್ಕೆ ಹಕ್ಕುಪತ್ರ ಯಾಕಿಲ್ಲ?

ಕಾಲರಿಗೆ ಮೈಕು ಸಿಕ್ಕಿಸುವವ ನಾನು.
ಆಂಕರ್ ಬೆರಳೆತ್ತಿದರೆ ಏರಿಸಬೇಕು, ಮಡಚಿದರೆ ಇಳಿಸಬೇಕು.

ಒಂದನೇ ಮೈಕು ಆಳುವವರದ್ದು, ಎರಡನೇದು ಆಳಿದ್ದವರದ್ದು,
ಮೂರನೇದು ಯಾರದ್ದೂ ಅಲ್ಲ, ಆದರೂ ಅದರದ್ದೇ ಗಂಟಲು ದೊಡ್ಡದು.
ಮೀಟರಿನ ಕೆಂಪು ಆರಲೇ ಇಲ್ಲ.

ನಾಲ್ಕನೇದು ಗುತ್ಯಪ್ಪನವರದ್ದು.
ಹಿನ್ನೀರಿನಾಚೆಯಿಂದ ಎರಡು ಬಸ್ಸು ಬದಲಿಸಿ,
ಔಷಧಿ ಅಂಗಡಿಯ ಕವರಿನಲ್ಲಿ ಕಾಗದ ತಂದಿದ್ದರು.
“ನಿಮ್ಮ ಹತ್ರ ಬರ್ತೀನಿ” ಅಂತ ಆಂಕರ್ ಮೂರು ಸಲ ಅಂದ.

ಹೊರಗೆ ಹೋಗದ ಆ ದನಿಯನ್ನು
ನಾನೊಬ್ಬನೇ ಹೆಡ್‌ಫೋನಿನ ಎಡಗಿವಿಯಲ್ಲಿ ಕೇಳುತ್ತಿದ್ದೆ:
ಕವರಿನ ಸರಬರ, ಒಂದು ಕೆಮ್ಮು,
ಆಮೇಲೆ ಪರೀಕ್ಷೆಗೆ ಕೂತ ಹುಡುಗನ ಹಾಗೆ ಒಳಗೊಳಗೇ,
ಬಾವಿ ಒಂದು. ಕಣ ಒಂದು. ಕೊಟ್ಟಿಗೆ, ಅಟ್ಟ ಸಮೇತ.
ಹಲಸು ಏಳು.
ಏಳೋ... ಎಂಟೋ...

ಸೋಪಿನ ಜಾಹೀರಾತು. ಮತ್ತೆ ಮೂರೂ ಗಂಟಲು.
“ಸಮಯದ ಅಭಾವ,” ಅಂದು ಆಂಕರ್ ಕೈಮುಗಿದ.

ಮೈಕು ಬಿಚ್ಚುವಾಗ ಗುತ್ಯಪ್ಪನವರು ನನ್ನ ಕೈ ಹಿಡಿದರು:
“ಎಂಟೇ ಕಣಪ್ಪ. ಬಾವಿ ಮಗ್ಗುಲಿನದು ಬಿಟ್ಟುಹೋಗಿತ್ತು,
ಆಮೇಲೆ ಸೇರಿಸಿದೆ. ಟಿವೀಲಿ ಬಂತಲ್ಲ?”
ಬಂತು ಅಂದೆ.
ಎಡಗಿವಿ ಇನ್ನೂ ಬಿಸಿಯಿತ್ತು.