ಮುಖ ಒಳಗೆ

ಮೇ ಇಪ್ಪತ್ತು ದಾಟಿತೆಂದರೆ
ವಡಗಾವ್ ಮಾವಳದ ನನ್ನ ಫ್ಲೆಕ್ಸ್ ಅಂಗಡಿಗೆ
ಏನನ್ನೂ ಅಚ್ಚು ಹಾಕಿಸದ ಗಿರಾಕಿಯೊಬ್ಬ ಬರುತ್ತಾನೆ:
ಧೋಂಡಿಬಾ ಗರಾಡೆ, ಹದಿನೇಳು ಎಮ್ಮೆಗಳ ಒಡೆಯ.
ಹಳೆಯ ಫ್ಲೆಕ್ಸು ಕಿಲೋ ಲೆಕ್ಕದಲ್ಲಿ ಬೇಕು.

ಯಾರ ಮುಖವಾದರೂ ಅವನಿಗೆ ತಕರಾರಿಲ್ಲ.
ಕಪ್ಪು ಕನ್ನಡಕದ ಹುಟ್ಟುಹಬ್ಬದ ಅಣ್ಣ,
ಅಣ್ಣನ ಪಾದದಡಿ ಅಂಚೆಚೀಟಿಯಷ್ಟಷ್ಟು ಹಿತೈಷಿಗಳು,
ಹತ್ತನೇ ಇಯತ್ತೆಯಲ್ಲಿ ತೊಂಬತ್ತೊಂದು ಪಡೆದ ಹುಡುಗಿ,
ಗೆದ್ದ ಸರಪಂಚ, ಅವನಿಗೆ ಸೋತ ಸರಪಂಚ,
ಒಬ್ಬೊಬ್ಬರನ್ನೂ ಬಿಸಿಲಿಗೆ ಎತ್ತಿ ಹಿಡಿದು
ತೂತು ಮಾತ್ರ ನೋಡುತ್ತಾನೆ.

ಈ ಸಲ ಕರೆಂಟಿರಲಿಲ್ಲ. ಟೆಂಪೋ ಹತ್ತಿ ನಾನೂ ಹೋದೆ.

ಪವನೆಯ ಹಿನ್ನೀರಿನ ಪಕ್ಕ ಅವನ ಗದ್ದೆ.
ಅಂಚಿನಲ್ಲಿ ಉರುಳೆಗಳು, ನಲವತ್ತೆರಡು.
ಭತ್ತ ಕೊಯ್ದ ಮೇಲೆ ಟ್ರ್ಯಾಕ್ಟರಿನ ಹಿಂದೊಂದು ಯಂತ್ರ ಬಂತಂತೆ,
ಹುಲ್ಲು ನುಂಗಿ, ಹೊಟ್ಟೆಯಲ್ಲೇ ಸುತ್ತಿ ಸುತ್ತಿ,
ಬಾಲ ಎತ್ತಿ ಈದಂತೆ
ಒಂದೊಂದನ್ನೇ ಹಾಕುತ್ತ ಹೋಯಿತಂತೆ.

"ನಮ್ಮಪ್ಪ ಬಣವೆ ಒಟ್ಟುತ್ತಿದ್ದ," ಅಂದ.
"ನೆತ್ತಿ ಬಾಚಿ ಬಿಟ್ಟರೆ ಮಳೆ ತಾನೇ ಜಾರಿ ಇಳಿಯುತ್ತಿತ್ತು.
ಇದಕ್ಕೆ ನೆತ್ತಿ ಎಲ್ಲಿದೆ, ಹೇಳು?"

ಅಕ್ಕಲಕೋಟೆಯವ ನಾನು. ನಮ್ಮ ಕಡೆ
ಮಳೆಗೆ ಹೆದರುವವರಿಲ್ಲ, ಬಂದರೆ ಸಾಕು ಎನ್ನುವವರೇ ಎಲ್ಲ.
ನಮ್ಮವ್ವ ಕಣಕಿ ಬಣವಿಯನ್ನು ಕಾದದ್ದು
ಬೀಡಿ ಸೇದುವವರಿಂದ.

ಮೊದಲು ಟೈರು. ಸವೆದ ಲಾರಿ ಟೈರುಗಳ ಮೇಲೆ
ಒಂದೊಂದೇ ಉರುಳೆ ಏರಿಸಿದೆವು.
ಮೇಲಿನ ನೀರು ಕಣ್ಣಿಗೆ ಕಾಣುತ್ತದೆ,
ಕೆಳಗಿನದು ಕಳ್ಳ,
ಆಷಾಢದಲ್ಲಿ ನೆಲ ನಾಲಿಗೆ ಚಾಚಿ
ಗೇಣುದ್ದ ಹುಲ್ಲು ನೆಕ್ಕುತ್ತದೆ ಅಂದ.
ಸಾಲಿಗೂ ಸಾಲಿಗೂ ನಡುವೆ
ಒಂದು ಎಮ್ಮೆ ಹಾಯುವಷ್ಟು ಗಾಳಿ ಬಿಟ್ಟ.

ಆಮೇಲೆ ಹೊದಿಕೆ.
ಚೌಕಟ್ಟಿಗೆ ಫ್ಲೆಕ್ಸು ಬಿಗಿದು ಬಿಗಿದು ಪಳಗಿದ ಕೈ ನನ್ನದು,
ಮಡಿಸಿ, ಮೂಲೆ ಸೇರಿಸಿ, ಸುತ್ತಲೂ ಹಗ್ಗ ಎಳೆದೆ.
ಸುಕ್ಕೊಂದೂ ಇರಲಿಲ್ಲ.
ಧೋಂಡಿಬಾ ಸೊಂಟದ ಮೇಲೆ ಕೈಯಿಟ್ಟು ನಿಂತ.
"ಹೆಣ ಕಟ್ಟುತ್ತಿದ್ದೀಯೇನೋ?"
ಬಿಚ್ಚಿದ. ಬರೀ ಬೆನ್ನಿಗೆ ಹೊದಿಸಿ
ಎರಡೂ ಬದಿ ಬಯಲಿಗೆ ಬಿಟ್ಟ.
ಹುಲ್ಲು ಬೆವರುತ್ತದಂತೆ, ಉಸಿರಾಡಬೇಕಂತೆ.
ಹಿಂದೊಮ್ಮೆ ಹೀಗೇ ಚಂದ ಕಟ್ಟಿದ್ದನಂತೆ.
ಆ ಶ್ರಾವಣದಲ್ಲಿ ಹೊರಗೆ ಧೋ ಧೋ ಮಳೆ,
ಒಳಗಿಂದ ಹೊಗೆ.
ತೋಳಿನ ಸುಟ್ಟ ಕಲೆ ತೋರಿಸಿದ, ಮೊಣಕೈವರೆಗೆ.
ಎಳೆದು ಬಿಸಾಡಿದ್ದು ಒಂಬತ್ತು ಉರುಳೆ,
ಉಳಿದದ್ದು ಕೊಟ್ಟಿಗೆ.

ಬಿಳಿ ಬೆನ್ನು ಮೇಲೆ, ಬಣ್ಣ ಕೆಳಗೆ.
ಬಿಳಿ ಬಿಸಿಲನ್ನು ಹೊರದಬ್ಬುತ್ತದೆ,
ಅಷ್ಟೇ ಕಾರಣ.
ಅಣ್ಣ, ಹಿತೈಷಿಗಳು, ಇಬ್ಬರೂ ಸರಪಂಚರು
ಹುಲ್ಲಿಗೆ ಮೂಗು ಒತ್ತಿ ಮಲಗಿದರು.

ಕಟ್ಟಿನ ತಳದಲ್ಲಿ ಒಂದು ಉಳಿದಿತ್ತು.
ನೋಡಿದೊಡನೆ ಗುರುತಾಯಿತು. ಮಡಚಲು ಹೋದೆ,
ತಡವಾಗಿತ್ತು.
'ಭಾವಪೂರ್ಣ ಶ್ರದ್ಧಾಂಜಲಿ. ಕೈ. ಕೋಂಡಾಜಿ ಗರಾಡೆ.'
ತೀರಿದ ತಾರೀಖು ನಾನೇ ತಪ್ಪಾಗಿ ಹಾಕಿದ್ದೆ,
ಮನುಷ್ಯನನ್ನು ಎರಡು ದಿನ ಮೊದಲೇ ಕಳಿಸಿದ್ದೆ.
ಬೈಸಿಕೊಂಡು, ಬೇರೆ ಹಾಕಿಕೊಟ್ಟು,
ಇದನ್ನು ಮೂಲೆಗೆ ಎಸೆದು ಮೂರು ವರ್ಷ.

ಅವನು ಬಿಸಿಲಿಗೆ ಹಿಡಿದ.
ತೂತು ನೋಡಿದ. ಇರಲಿಲ್ಲ.
ಮುಂಡಾಸು, ಮೀಸೆ, ಒಂದಿಷ್ಟು ಓರೆಯಾದ ಮೂಗು.
"ತಾರೀಖು ತಪ್ಪಿದರೇನು, ಮುದುಕ ಸರಿಯಾಗಿದ್ದಾನೆ,"
ಎಂದು ಕೊನೆಯ ಸಾಲಿನ ಉರುಳೆಗೆ,
ಗಾಳಿ ಮೊದಲು ಹೊಡೆಯುವ ಕಡೆಗೆ,
ಮುಖ ಒಳಗೆ ಮಾಡಿ ಹಾಸಿದ.
ಅಂಗೈಯಿಂದ ಎರಡು ಸಲ ತಟ್ಟಿದ.
"ನೆತ್ತಿಯಿಲ್ಲದ್ದನ್ನು ನೋಡಿ ಬೈಯುತ್ತಾನೆ. ಬೈಯಲಿ."

ಜುಲೈ. ಎಂಟು ದಿನದಿಂದ ಸೂರ್ಯನಿಲ್ಲ.
ಅಂಗಡಿಯೊಳಗೆ ಯಂತ್ರಕ್ಕೂ ಕೊಡೆ.
ಬೆಳಿಗ್ಗೆ ಧೋಂಡಿಬಾನ ಮಗಳು ಹಾಲು ತಂದಳು,
ಫ್ಲೆಕ್ಸಿನ ಬಾಕಿಗೆ ಒಂದು ಲೀಟರು.
ಅಪ್ಪ ಹೇಳಿ ಕಳಿಸಿದ್ದಾನೆ:
ದಿನಾ ತೋಳು ತೂರಿಸಿ ನೋಡುತ್ತಿದ್ದೇನೆ,
ಜ್ವರ ಇಲ್ಲ.
ಹಾಗೇ ಇನ್ನೂ ಒಂದು ಮಾತು.
ಟೈರೊಳಗೆ ಕಪ್ಪೆಗಳು ಸಂಸಾರ ಹೂಡಿವೆ,
ರಾತ್ರಿಯಿಡೀ ಗದ್ದಲ,
ಅದಕ್ಕೆ ನಿನ್ನ ಹತ್ತಿರ ಏನಾದರೂ ಇದೆಯಾ ಅಂತ.