ಪಿಮೆಂತಾ ಕೆಮ್ಮಿದಾಗ

ಮೇಲಿನ ಮನೆಯ ಒಡೀಲಿಯಾಗೆ ಕಿವಿ ಕೇಳದು.
ಎರಡನೇ ವರ್ಷದಲ್ಲಿ ಜ್ವರ, ಅಷ್ಟೇ ಗೊತ್ತು.
ಸೆತೂಬಲ್ ಬಂದರಿನ ಮೀನು ಕಾರ್ಖಾನೆಯಲ್ಲಿ
ನಲವತ್ತು ವರ್ಷ ಸಾರ್ಡೀನಿನ ತಲೆ ಕತ್ತರಿಸಿದಳು.
ಕಾರ್ಖಾನೆಯ ಕೂಗಿಗೆ ಓಣಿಯ ಹೆಂಗಸರೆಲ್ಲ ಎದ್ದರೆ
ಇವಳು ಎದ್ದದ್ದು ಎದುರುಮನೆ ಕಿಟಕಿಯ ದೀಪ ನೋಡಿ.

ಗಿಳಿ ಬೂದು ಬಣ್ಣದ್ದು. ಬಾಲ ಮಾತ್ರ ಕೆಂಪು,
ಆರಿದ ಒಲೆಯಲ್ಲಿ ಒಂದೇ ಕೆಂಡ ಉಳಿದಂತೆ.
ಹೆಸರು ಪಿಮೆಂತಾ. ಅಂದರೆ ಮೆಣಸು.
ತಂದವನು ಗಂಡ ಬೆಲ್ಮೀರು, ದೋಣಿಗಳಿಗೆ ಬಣ್ಣ ಬಳಿಯುವವನು.
ಹೆಂಡತಿಯೊಡನೆ ಕೈಯಲ್ಲಿ ಮಾತು,
ಗಿಳಿಯೊಡನೆ ಬಾಯಲ್ಲಿ.
ಇಪ್ಪತ್ತಾರು ವರ್ಷದ ಬಾಯಿಮಾತನ್ನು
ಆ ಒಂದು ಹಿಡಿ ಪುಕ್ಕದೊಳಗೆ ಸುರಿದಿಟ್ಟು ಹೋದ.

ಬೆಳಿಗ್ಗೆ ಬ್ರೆಡ್ಡು ಕೊಡಲು ನಾನು ಹೋದರೆ
ಮೊದಲು ಮಾತಾಡಿಸುವುದು ಪಿಮೆಂತಾ:
ಕುದಿವ ಕೆಟಲಿನ ಸಿಳ್ಳೆ, ಬಾಟಲಿಯ ಬಿರಡೆ ಕಿತ್ತ ಸದ್ದು,
ಮೆಟ್ಟಿಲು ಹತ್ತಿದ ನನ್ನದೇ ಏದುಸಿರು,
ಪಕ್ಕದವರ ಜಗಳ, ಬೈಗುಳ ಸಮೇತ.
ಒಡೀಲಿಯಾ ಬಂದ ಕೂಡಲೇ ಬಾಯಿ ಬಂದ್.
ಈ ಅಂಗಡಿಯಲ್ಲಿ ಆ ನಾಣ್ಯ ಚಲಾವಣೆಯಿಲ್ಲವೆಂದು
ಅದಕ್ಕೆ ಯಾರು ಹೇಳಿಕೊಟ್ಟರೋ!

ಎಡಗಾಲು ಎತ್ತಿದರೆ: ಕೈ ಚಾಚು, ಹತ್ತಬೇಕು.
ಕತ್ತು ಬಗ್ಗಿಸಿ ಗರಿ ಸಡಿಲಿಸಿದರೆ:
ತುರಿಸು, ಅಲ್ಲಲ್ಲ, ಇನ್ನೂ ಕೆಳಗೆ.
ಗರಿಯೆಲ್ಲ ಮೈಗಂಟಿ ಸಣಕಲಾದರೆ ಹೆದರಿಕೆ.
ಕಣ್ಪಾಪೆ ಸಾಸಿವೆಯಾಗಿ, ಮೆಣಸಾಗಿ, ಮತ್ತೆ ಸಾಸಿವೆಯಾದರೆ
ಅದು ಸಿಟ್ಟು. ಇಲ್ಲವೆ ಪ್ರೀತಿ. ಎರಡೂ ಇರಬಹುದು.
ಇಷ್ಟು ಕಲಿಯಲು ನನ್ನ ಬೆರಳಿಗೆ ಎರಡು ಗಾಯ ಬೇಕಾಯಿತು.
ಒಡೀಲಿಯಾಗೆ ಒಂದೂ ಇಲ್ಲ.

ಬೆಲ್ಮೀರು ಹೋಗಿ ಎಂಟು ತಿಂಗಳ ಮೇಲೆ
ಒಂದು ಗುರುವಾರ, ಅವಳು ಬೆನ್ನು ಹಾಕಿ ಈರುಳ್ಳಿ ಹೆಚ್ಚುವಾಗ
ಗಿಳಿ ಅವನ ದನಿಯಲ್ಲಿ ಕರೆಯಿತು: "ಓ ಒಡೀಲಿಯಾ!"
ಕೇಳದೆಂದು ಗೊತ್ತಿದ್ದೂ ಅವನು
ಹೀಗೆ ಬೆನ್ನ ಹಿಂದೆ ಕರೆಯುತ್ತಿದ್ದನೇ?
ಬ್ರೆಡ್ಡು ನನ್ನ ಕೈಯಲ್ಲೇ ಉಳಿಯಿತು.

ಹೇಳಿದೆ, ನನ್ನ ಕುಂಟು ಕೈಸನ್ನೆಯಲ್ಲಿ.
ಅವಳು ಚಾಕು ಕೆಳಗಿಟ್ಟು ಕೇಳಿದಳು:
ಹೇಗಿತ್ತು, ಅವನ ದನಿ?
ಏನು ಹೇಳಲಿ? ದಪ್ಪ, ಎಂದೆ.
ಗಾರೆ ಕಿತ್ತ ಗೋಡೆಯ ಮೇಲೆ ಅಂಗೈ ಎಳೆದು ತೋರಿಸಿದೆ.
ತಲೆಯಾಡಿಸಿದಳು, ಪಾಪ ಹೇಳಿದನಲ್ಲ ಎಂಬಂತೆ.

ಆಗ ಪಿಮೆಂತಾ ಕೆಮ್ಮಿತು.
ಸದ್ದು ನನ್ನ ಪಾಲಿಗೆ. ಅವಳಿಗೆ ಕಂಡದ್ದು
ಎರಡು ಸಲ ಕುಸಿದ ಹೆಗಲು,
ಮೂರನೆಯದಕ್ಕೆ ತಡೆದು ನಿಂತ ಎದೆ,
ಆಮೇಲೆ ಬಲಕ್ಕೆ ವಾಲಿದ ತಲೆ:
ಏನೂ ಇಲ್ಲ, ಏನೂ ಇಲ್ಲ.

ಅವಳು ಬೆರಳೆತ್ತಿ ಬೈದಳು,
ಗಂಡನಿಗೆ ಬೈಯುತ್ತಿದ್ದ ಅದೇ ಸನ್ನೆ:
ಸಿಗರೇಟು, ಇವತ್ತು ಎಷ್ಟಾಯಿತು?
ಪಿಮೆಂತಾ ಎಡಗಾಲು ಎತ್ತಿತು.
ಒಂದೇ ಒಂದು, ಎಂದಿರಬೇಕು.