ಗುಂಡಿಯ ಲೆಕ್ಕ

ಮಿರ್ಜಾನಿನಿಂದ ಎರಡು ಮೈಲಿ ಒಳಗೆ
ಬೋಳುಗುಡ್ಡದ ನೆತ್ತಿ ಕೊಯ್ದು
ಚಿರೆಕಲ್ಲು ತೆಗೆಯುವ ಜಾಗದಲ್ಲಿ
ನಾನು ಲೆಕ್ಕ ಬರೆಯುವವಳು.
ಲಾರಿಗೆ ಇನ್ನೂರೈವತ್ತು. ಒಡಕು ಬೇರೆ ಪುಟಕ್ಕೆ.
ಪರೀಕ್ಷೆ ಹತ್ತಿರ ಬಂತೆಂದು ಮಗಳು ರೇವತಿ
ತಗಡಿನ ನೆರಳಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು:
ನೈಲ್ ನದಿ, ಗೀಜಾ, ಇಪ್ಪತ್ಮೂರು ಲಕ್ಷ ಕಲ್ಲು.

ಜಟ್ಟಪ್ಪ ನಾಯ್ಕ ಕೊಡಲಿ ನಿಲ್ಲಿಸಿದ.
"ಎಷ್ಟು ಲಕ್ಷ? ಮತ್ತೊಂದ್ಸಲ ಓದು ತಂಗಿ."
ಓದಿದಳು.
ಹೆಬ್ಬೆರಳಲ್ಲಿ ಹಣೆಯ ಬೆವರು ಸರಿಸಿ
ಅವನು ಕೇಳಿದ್ದು ರಾಜನ ಹೆಸರನ್ನಲ್ಲ:
"ಹಾಗಾದ್ರೆ ಗುಂಡಿ ಎಲ್ಲಿ?"

ಪುಸ್ತಕದಲ್ಲಿ ಗುಂಡಿ ಇರಲಿಲ್ಲ.

ಅಲ್ಲಿಂದ ಅದೊಂದು ಆಟ.
ಗಂಜಿಯ ಹೊತ್ತು, ಸುಟ್ಟ ಒಣಬಂಗಡೆಯ ಹೊಗೆ,
ಅವಳು ಊರು ಹೇಳಬೇಕು
ಅವನು ಗುಂಡಿ ಹುಡುಕಬೇಕು.

ಉರ್: ಮಣ್ಣಿನ ಇಟ್ಟಿಗೆ,
ಮೆಟ್ಟಿಲ ಮೇಲೆ ಮೆಟ್ಟಿಲು, ತುದಿಯಲ್ಲಿ ಚಂದ್ರನ ಗುಡಿ.
"ಹೊಳೆಯಂಚಿನ ಮಣ್ಣು ಅದು.
ಮುಂದಿನ ನೆರೆಯೇ ಬಂದು ಗುಂಡಿ ಮುಚ್ಚಿರ್ತದೆ.
ಪುಣ್ಯವಂತರು."

ಮೊಹೆಂಜೊದಾರೊ: ಇಡೀ ಊರಿಗೆ ಒಂದೇ ಅಳತೆ,
ದಪ್ಪ ಒಂದಾದರೆ ಅಗಲ ಎರಡು, ಉದ್ದ ನಾಲ್ಕು.
ಇದು ಹಿಡಿಸಿತು ಅವನಿಗೆ. ಎರಡು ದಿನ
ಯಾರು ಕಲ್ಲು ಓರೆ ಕಡಿದರೂ
ಆ ಊರಿನ ಹೆಸರು ಹಿಡಿದೇ ಬೈದ,
ಪ್ರತಿ ಸಲ ಬೇರೆ ಬೇರೆ ಥರ ತಪ್ಪಾಗಿ.

ಪೆರು: ಸುಣ್ಣವಿಲ್ಲ, ಗಾರೆಯಿಲ್ಲ,
ಕಲ್ಲಿನ ಸಂದಿಯಲ್ಲಿ ಬ್ಲೇಡೂ ತೂರದು.
ಜಟ್ಟಪ್ಪ ಏನೂ ಅನ್ನಲಿಲ್ಲ.
ತನ್ನ ಬೆರಳ ಸಂದಿಗಳನ್ನೇ ನೋಡಿಕೊಂಡ,
ಅಲ್ಲಿ ಯಾವ ಸೋಪಿಗೂ ಬಿಡದ ಕೆಂಪು.

ಮತ್ತೊಂದು ದಿನ, ಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ:
ಆಂಗ್ಕೋರಿನ ಗುಡಿಗಳಿಗೆ ಹೊರಗೆ ಕೆತ್ತನೆಯ ಮರಳುಗಲ್ಲು,
ಒಳಗೆ, ಕಣ್ಣಿಗೆ ಬೀಳದ ಹಾಗೆ, ಚಿರೆಕಲ್ಲು.
"ನಮ್ಮದೇ?"
"ನಮ್ಮಂಥದ್ದೇ."
"ಕಂಡ್ಯಾ," ಅಂದ ನನ್ನತ್ತ ತಿರುಗಿ,
"ಹೊತ್ತದ್ದು ಇದು. ಹೊಗಳಿಸಿಕೊಂಡದ್ದು ಅದು."
ಆ ಮಧ್ಯಾಹ್ನ ಅವನು ಕಡಿದ ಕಲ್ಲು
ಲೆಕ್ಕಕ್ಕಿಂತ ಹನ್ನೊಂದು ಹೆಚ್ಚಿತ್ತು.

ರಜೆಯ ದಿನ ಮೂವರೂ ಕೋಟೆಗೆ ಹೋದೆವು.
ಮಿರ್ಜಾನಿನಲ್ಲೇ ಹುಟ್ಟಿ ಬೆಳೆದೂ
ಜಟ್ಟಪ್ಪ ಒಳಗೆ ಕಾಲಿಟ್ಟದ್ದು ಅದೇ ಮೊದಲು.
ಹಸಿರು ಹಾವಸೆಯ ಬುರುಜಿಗೆ ಒರಗಿ
ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು.
ಅವನು ಗೋಡೆಗೆ ಬೆನ್ನು ಹಾಕಿ
ಕಂದಕದ ಅಂಚಲ್ಲಿ ಕುಕ್ಕರಗಾಲಲ್ಲಿ ಕೂತ.
"ಸಿಕ್ಕಿತು.
ಶತ್ರು ದಾಟದ ಹಾಗೆ ತೋಡಿದ್ದಂತೆ, ಯಾರು ಹೇಳಿದ್ದು?
ಕಲ್ಲು ತೆಗೆದ ಗುಂಡಿ ಇದು.
ಹೆಸರು ಆಮೇಲೆ ಇಟ್ಟದ್ದು."
ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ.
ಕಂದಕದ ಗೋಡೆಯ ಮೇಲೆ ಕೈಯಾಡಿಸಿದ,
ಎಮ್ಮೆಯ ಬೆನ್ನು ಸವರುವ ಹಾಗೆ.
"ಇದು ನೆಲದೊಳಗಿದ್ದಾಗ ಬೆಲ್ಲದಷ್ಟು ಮೆತ್ತಗೆ ತಂಗಿ.
ಗಾಳಿ ತಾಗಿ ತಾಗಿ ಇಷ್ಟು ಗಟ್ಟಿ."

ಜೂನಿಗೆ ಕೆಲಸ ನಿಂತಿತು.
ಆಷಾಢದ ಒಂದು ಹೊಳವಿನಲ್ಲಿ
ಬಿಟ್ಟುಹೋದ ಕೊಡೆ ತರಲು ಹೋದವಳು
ನಮ್ಮ ಗುಂಡಿಯನ್ನು ಮೊದಲ ಬಾರಿ ನೋಡಿದೆ.
ಸಾಲು ಸಾಲು ಕಡಿದ ಮೆಟ್ಟಿಲು
ಕೆಳಗಿಳಿಯುತ್ತ ಕಿರಿದಾಗುತ್ತ
ಕೆಂಪು ನೀರಲ್ಲಿ ಮುಳುಗಿತ್ತು.
ತಲೆಕೆಳಗಾದ ಉರ್. ಅದರ ತುದಿ ಎಲ್ಲೋ ತಳದಲ್ಲಿ;
ಚಂದ್ರನ ಗುಡಿಯ ಜಾಗದಲ್ಲಿ ಒಂದು ಕಪ್ಪೆ
ಯಾರ ಅಪ್ಪಣೆಗೂ ಕಾಯದೆ ವಟಗುಟ್ಟುತ್ತಿತ್ತು.
ಬೇಲಿಯಿಲ್ಲ. ಹೋದ ವರ್ಷ ಸಣ್ಣಿಯ ಕರು ಬಿದ್ದದ್ದು ಇಲ್ಲೇ.

ಮನೆಗೆ ಬಂದು ವರ್ಷದ ಲೆಕ್ಕ ಮುಗಿಸಿದೆ.
ಗೋಕರ್ಣದ ಲಾಡ್ಜಿಗೆ ಅರವತ್ತು ಲಾರಿ.
ಕುಮಟೆಯ ಶಾಲೆಯ ಪಾಗಾರಕ್ಕೆ ಒಂಬತ್ತು.
ಮಸೀದಿಯ ಮೆಟ್ಟಿಲಿಗೆ ಎರಡು, ಹಣ ಬಂದಿಲ್ಲ.
ಜಟ್ಟಪ್ಪನ ಬಚ್ಚಲಿಗೆ ಒಡಕು, ನಲವತ್ತು, ಪುಕ್ಕಟೆ.
ಕೊನೆಗೆ, ಮಾಲೀಕರು ಕೇಳದ ಒಂದು ಸಾಲು
ನಾನೇ ಗೀಟು ಎಳೆದು ಬರೆದೆ:

ಗುಂಡಿ, ಒಂದು.
ಎಲ್ಲಿಗೂ ಹೋಗಿಲ್ಲ.